ಓದಿ ಕತ್ತರಿಸಿದ ರಫ್ ಕಟ್ ಅನ್ನು ಎಡಿಟಿಂಗ್ ಸಾಫ್ಟ್‌ವೇರಿಗೆ ಒಯ್ಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯ ಹಿರಿಯ ಕನ್ನಡಿಗರ ನೆನಪುಗಳನ್ನು ನಾವು ಕೆಲವರು ಸೇರಿ ವಿಡಿಯೊದಲ್ಲಿ ಹಿಡಿದಿಡುತ್ತಿದ್ದೇವೆ. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು, ಪರೇಲಿನ ಮಿಲ್ಲುಗಳಲ್ಲಿದ್ದವರು, ಮಾಟುಂಗದಲ್ಲಿ ಬಾಡಿಗೆ ಕೋಣೆಯಲ್ಲಿ ಸಂಸಾರ ಹೂಡಿದವರು. ಒಬ್ಬೊಬ್ಬರದೂ ಒಂದೂವರೆ, ಎರಡು ಗಂಟೆಯ ಮಾತು. ಅದರಲ್ಲಿ ಕೊನೆಗೆ ಉಳಿಯುವುದು ಹತ್ತು ಹನ್ನೆರಡು ನಿಮಿಷ. ಅಷ್ಟು ಮಾತನ್ನು ಮತ್ತೆ ಮತ್ತೆ ನೋಡಿ ಕತ್ತರಿಸುವುದಕ್ಕಿಂತ ಓದಿ ಕತ್ತರಿಸುವುದು ಸುಲಭ. ಕಷ್ಟ ಬರುವುದು ಅಲ್ಲಿಂದ ಮುಂದೆ, ಆ ರಫ್ ಕಟ್ ಅನ್ನು, ಅಂದರೆ ಮೊದಲ ಒರಟು ಜೋಡಣೆಯನ್ನು, ಎಡಿಟಿಂಗ್ ಸಾಫ್ಟ್‌ವೇರಿಗೆ ಒಯ್ಯುವಾಗ. ಅಂಧೇರಿ, ಡೊಂಬಿವಿಲಿ, ಪುಣೆಯಿಂದ ನಮ್ಮ ಜೊತೆ ಕೆಲಸಕ್ಕೆ ಕೂರುವ ಹುಡುಗ ಹುಡುಗಿಯರು ಆ ಹಂತದಲ್ಲಿ ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ.

ಓದಿ ಕತ್ತರಿಸುವುದು ಅಂದರೆ ಏನು?

ವಿಡಿಯೊದ ಮಾತು ಮೊದಲು ಬರಹವಾಗುತ್ತದೆ. ಪ್ರತಿ ಪದಕ್ಕೂ ಅದು ವಿಡಿಯೊದಲ್ಲಿ ಎಷ್ಟನೇ ಸೆಕೆಂಡಿನಲ್ಲಿದೆ ಅನ್ನುವ ಲೆಕ್ಕ ಅಂಟಿಕೊಂಡಿರುತ್ತದೆ. ಬರಹದಲ್ಲಿ ಒಂದು ಸಾಲು ಅಳಿಸಿದರೆ ವಿಡಿಯೊದಲ್ಲೂ ಆ ತುಂಡು ಹೋಗುತ್ತದೆ. ಸಾಲನ್ನು ಮೇಲೆ ಒಯ್ದರೆ ಚಿತ್ರವೂ ಮೇಲೆ ಹೋಗುತ್ತದೆ. ಡಿಸ್ಕ್ರಿಪ್ಟ್ ಈ ಕೆಲಸಕ್ಕೇ ಹುಟ್ಟಿದ ಸಾಫ್ಟ್‌ವೇರ್. 2023ರಲ್ಲಿ ಅಡೋಬಿ ಪ್ರೀಮಿಯರ್ ಪ್ರೊ ಮತ್ತು ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರುಗಳು ಕೂಡ ಈ ಸೌಲಭ್ಯ ತಂದವು. ರಿಸಾಲ್ವ್‌ನಲ್ಲಿ ಇದು ಹಣ ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿಯಲ್ಲಿ ಮಾತ್ರ ಇದೆ.

ಅಲ್ಲೇ ಮುಗಿಸಬಹುದಲ್ವಾ? ಬೇರೆ ಕಡೆ ಯಾಕೆ ಒಯ್ಯಬೇಕು?

ಚಿಕ್ಕ ಪಾಡ್‌ಕಾಸ್ಟ್ ಆದರೆ ಅಲ್ಲೇ ಮುಗಿಸಿ, ತಪ್ಪಿಲ್ಲ. ಆದರೆ ಬಣ್ಣ ತಿದ್ದಬೇಕು, ಸದ್ದನ್ನು ಪದರ ಪದರವಾಗಿ ಜೋಡಿಸಬೇಕು, ಮಾತಿನ ಮೇಲೆ ಬೇರೆ ದೃಶ್ಯ ಹೊದಿಸಬೇಕು, ಸಭಾಂಗಣದ ದೊಡ್ಡ ಪರದೆಯಲ್ಲಿ ತೋರಿಸಬೇಕು ಅಂತಿದ್ದರೆ ಪೂರ್ತಿ ಎಡಿಟಿಂಗ್ ಸಾಫ್ಟ್‌ವೇರ್ ಬೇಕೇ ಬೇಕು. ಓದಿ ಕತ್ತರಿಸಿದಾಗ ಸಿಗುವುದು ಮಾತಿನ ಕ್ರಮ. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡ, ಇಷ್ಟು. ನೋಡುವವರಿಗೆ ಮುಟ್ಟುವ ಕಟ್ ಇನ್ನೂ ಆಗಿರುವುದಿಲ್ಲ.

ಒಯ್ಯುವಾಗ ನಿಜವಾಗಿ ಏನು ಹೋಗುತ್ತದೆ?

ಇದೊಂದು ಅರ್ಥವಾದರೆ ಅರ್ಧ ಗೊಂದಲ ಕಳೆಯುತ್ತದೆ. ನಮ್ಮ ಉಡುಪಿ ಹೋಟೆಲುಗಳಲ್ಲಿ ಸಪ್ಲೈಯರ್ ಅಡುಗೆಮನೆಗೆ ಒಂದು ಚೀಟಿ ಕೊಡುತ್ತಾರಲ್ಲ, ಹಾಗೆ. ಚೀಟಿಯಲ್ಲಿ ‘ಎರಡು ಮಸಾಲೆ, ಒಂದು ಕಾಫಿ, ನಾಲ್ಕನೇ ಟೇಬಲ್’ ಅಂತ ಇರುತ್ತದೆ. ದೋಸೆ ಇರುವುದಿಲ್ಲ. ದೋಸೆ ಹಿಟ್ಟು ಅಡುಗೆಮನೆಯಲ್ಲೇ ಇರಬೇಕು.

ನೀವು ಒಯ್ಯುವ ಎಕ್ಸ್‌ಎಂಎಲ್ ಫೈಲ್ ಅಂಥ ಚೀಟಿ. ‘ಈ ಹೆಸರಿನ ಫೈಲಿನಲ್ಲಿ, ಇಷ್ಟನೇ ಫ್ರೇಮಿನಿಂದ ಇಷ್ಟನೇ ಫ್ರೇಮಿನವರೆಗೆ, ಟೈಮ್‌ಲೈನಿನ ಈ ಜಾಗದಲ್ಲಿ ಇಡು’ ಅಂತ ಅದರಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ. ಟೈಮ್‌ಲೈನ್ ಅಂದರೆ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ತುಂಡುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ. ಅದರಲ್ಲಿ ಚಿತ್ರವೂ ಇಲ್ಲ, ಸದ್ದೂ ಇಲ್ಲ. ಹಾಗಾಗಿ ಫೈಲಿನ ಹೆಸರು, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಬಿಡಿ ಚಿತ್ರ), ಟೈಮ್‌ಕೋಡ್ (ಪ್ರತಿ ಫ್ರೇಮಿಗೂ ಅಂಟಿದ ಗಂಟೆ, ನಿಮಿಷ, ಸೆಕೆಂಡಿನ ಲೆಕ್ಕ) ಈ ಮೂರು ಎರಡೂ ಕಡೆ ಒಂದೇ ಇರಬೇಕು. ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದು ತಪ್ಪಿದ್ದರಿಂದಲೇ ಬರುತ್ತವೆ.

ಬರಹದ ಸಾಫ್ಟ್‌ವೇರಿನಲ್ಲಿ ಹಾಕಿದ ಟೈಟಲ್, ಸದ್ದು ಶುದ್ಧ ಮಾಡುವ ಎಫೆಕ್ಟ್, ಚಿತ್ರದ ಲೇಔಟ್ ಇವೆಲ್ಲ ಸಾಮಾನ್ಯವಾಗಿ ಚೀಟಿಯಲ್ಲಿ ಬರುವುದಿಲ್ಲ. ಅಲ್ಲಿ ಅವುಗಳ ಮೇಲೆ ಸಮಯ ಕಳೆಯಬೇಡಿ. ಬರೀ ಕತ್ತರಿಸಿ.

ಸುಮ್ನೆ ಎಂಪಿ4 ಮಾಡಿ ತಂದು ಅದನ್ನೇ ಎಡಿಟ್ ಮಾಡಿದರೆ?

ಮಾಡಬೇಡಿ. ಎಂಪಿ4ನಲ್ಲಿ ಎಲ್ಲ ತುಂಡುಗಳೂ ಬೆಸೆದುಹೋಗಿರುತ್ತವೆ. ಕತ್ತರಿಸಿದ ಜಾಗದಲ್ಲಿ ಅರ್ಧ ಸೆಕೆಂಡು ಹಿಂದೆ ಸರಿಯೋಣ ಅಂದರೆ ಹಿಂದೆ ಏನೂ ಇರುವುದಿಲ್ಲ. ಕಟ್ ಎಲ್ಲಿದೆ ಅಂತ ತಾನೇ ಹುಡುಕುವ ಸೌಲಭ್ಯ ಪ್ರೀಮಿಯರ್, ರಿಸಾಲ್ವ್ ಎರಡರಲ್ಲೂ ಇದೆ ನಿಜ. ಆದರೆ ಅದೇ ಕುರ್ಚಿ, ಅದೇ ಮುಖ ಇರುವ ಸಂದರ್ಶನದಲ್ಲಿ ಅದು ಎಷ್ಟೋ ಕಟ್‌ಗಳನ್ನು ಗುರುತಿಸದೆ ಬಿಡುತ್ತದೆ. ಎಂಪಿ4 ಬೇರೊಂದು ಕೆಲಸಕ್ಕೆ ಬೇಕು, ಅದನ್ನು ಮುಂದೆ ಹೇಳುತ್ತೇನೆ.

ಎಕ್ಸ್‌ಎಂಎಲ್, ಇಡಿಎಲ್, ಎಎಎಫ್. ಯಾವುದನ್ನು ಆರಿಸಲಿ?

ಎಕ್ಸ್‌ಎಂಎಲ್‌ನಲ್ಲೇ ಎರಡು ಬಗೆ ಇವೆ, ಎಡವುವುದು ಅಲ್ಲಿ. ಆಪಲ್‌ನ ಎಡಿಟಿಂಗ್ ಸಾಫ್ಟ್‌ವೇರ್ ಆದ ಫೈನಲ್ ಕಟ್‌ನ ಹಳೆಯ ಆವೃತ್ತಿ, ಫೈನಲ್ ಕಟ್ ಪ್ರೊ 7ರ ಕಾಲದ ಎಕ್ಸ್‌ಎಂಎಲ್ ಒಂದು. 2011ರಲ್ಲಿ ಬಂದ ಫೈನಲ್ ಕಟ್ ಪ್ರೊ ಎಕ್ಸ್ ಜೊತೆಗೆ ಹುಟ್ಟಿದ ಎಫ್‌ಸಿಪಿಎಕ್ಸ್‌ಎಂಎಲ್ ಇನ್ನೊಂದು. ಪ್ರೀಮಿಯರ್‌ಗೆ ಬೇಕಾದದ್ದು ಮೊದಲನೆಯದು. ಈಗಿನ ಫೈನಲ್ ಕಟ್‌ಗೆ ಬೇಕಾದದ್ದು ಎರಡನೆಯದು. ರಿಸಾಲ್ವ್ ಎರಡನ್ನೂ ಓದುತ್ತದೆ. ಹೆಸರು ಒಂದೇ ತರ ಇದೆ ಅಂತ ಒಂದರ ಬದಲು ಇನ್ನೊಂದು ಕೊಟ್ಟರೆ ಫೈಲ್ ತೆರೆಯುವುದೇ ಇಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ಯಾವ ಸಾಫ್ಟ್‌ವೇರಿಗೆ ಅಂತ ಕೇಳಿದರೆ ಸರಿಯಾಗಿ ಆರಿಸಿ.

ಇಡಿಎಲ್ ಕೂಡ ಅಂಥದೇ ಚೀಟಿ, ತುಂಬ ಹಳೆಯದು. ಸಿಎಂಎಕ್ಸ್ 3600 ಬಗೆಯಲ್ಲಿ ವಿಡಿಯೊಗೆ ಒಂದೇ ಟ್ರ್ಯಾಕ್, ರೀಲಿನ ಹೆಸರಿಗೆ 8 ಅಕ್ಷರ. ಬೇರೇನೂ ಕೆಲಸ ಮಾಡದಿದ್ದಾಗ ಇದನ್ನು ಬಳಸಿ. ಎಎಎಫ್ ಅನ್ನುವ ಇನ್ನೊಂದು ಬಗೆಯ ಚೀಟಿ ಬೇಕಾಗುವುದು ಆವಿಡ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿಗೆ ಹೋಗುವಾಗ, ಇಲ್ಲವೇ ಕೊನೆಯಲ್ಲಿ ಸೌಂಡ್ ಸ್ಟುಡಿಯೊದವರ ಪ್ರೊ ಟೂಲ್ಸ್‌ಗೆ ಕೊಡುವಾಗ.

ಈ ಸಾಫ್ಟ್‌ವೇರುಗಳಿಗೆ ಕನ್ನಡ ಬರುತ್ತದಾ?

ಪ್ರೀಮಿಯರ್‌ನಲ್ಲಿ ಈ ಸೌಲಭ್ಯ ಬಂದಾಗ ಭಾಷೆಗಳ ಪಟ್ಟಿಯಲ್ಲಿ ಹಿಂದಿ ಇತ್ತು, ಕನ್ನಡ ಇರಲಿಲ್ಲ. ನೀವು ಬಳಸುವ ಆವೃತ್ತಿಯಲ್ಲಿ ಏನಿದೆ ಅಂತ ಮೊದಲು ಪಟ್ಟಿ ತೆರೆದು ನೋಡಿ. ನಮ್ಮ ಕೆಲಸಕ್ಕೆ ಒದಗಿದ್ದು ವಿಸ್ಪರ್. ಓಪನ್‌ಎಐ 2022ರ ಸೆಪ್ಟೆಂಬರಿನಲ್ಲಿ ಬಿಟ್ಟ, ಮಾತನ್ನು ಬರಹ ಮಾಡುವ ಮಾದರಿ ಅದು. ಉಚಿತ, ನಿಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ, ಅದರ ಪಟ್ಟಿಯಲ್ಲಿ ಕನ್ನಡವೂ ಇದೆ. ಇಂಗ್ಲಿಷಿಗೆ ಬರೆದಷ್ಟು ಚೆನ್ನಾಗಿ ಕನ್ನಡಕ್ಕೆ ಬರೆಯುವುದಿಲ್ಲ. ಆದರೂ ಖಾಲಿ ಹಾಳೆಯಿಂದ ಶುರು ಮಾಡುವುದಕ್ಕಿಂತ ಎಷ್ಟೋ ವಾಸಿ.

ಎರಡು ಎಚ್ಚರಿಕೆ. ಒಂದು, ಭಾಷೆಯನ್ನು ನೀವೇ ಕನ್ನಡ ಅಂತ ಹೇಳಿಬಿಡಿ. ತಾನೇ ಗುರುತಿಸಲಿ ಅಂತ ಬಿಟ್ಟರೆ ಅದು ಮೊದಲ 30 ಸೆಕೆಂಡು ಕೇಳಿ ತೀರ್ಮಾನ ಮಾಡುತ್ತದೆ. ಮುಂಬೈಯಲ್ಲಿ ಮೊದಲ 30 ಸೆಕೆಂಡು ಯಾವ ಭಾಷೆ? ಚಹಾ ತಂದ ಹುಡುಗನ ಜೊತೆ ಹಿಂದಿ, ಪಕ್ಕದ ಮನೆಯವರ ಜೊತೆ ಮರಾಠಿ. ಆಮೇಲೆ ಎರಡು ಗಂಟೆ ಕನ್ನಡವನ್ನೂ ಅದು ಹಿಂದಿಯ ಕಿವಿಯಲ್ಲೇ ಕೇಳುತ್ತದೆ. ಎರಡನೆಯದು, ಯಾರೂ ಮಾತಾಡದೆ ಇರುವ ಕಡೆ ಅದು ಇಲ್ಲದ ಮಾತನ್ನು ಬರೆಯುವುದುಂಟು, ಒಂದೇ ಸಾಲನ್ನು ನಾಲ್ಕೈದು ಸಲ ಬರೆಯುವುದೂ ಉಂಟು. ಅಂಥ ಸಾಲು ಕಂಡರೆ ಅಲ್ಲಿ ಹೋಗಿ ಕೇಳಿ.

ಬರಹವನ್ನು ಎಸ್‌ಆರ್‌ಟಿ ಫೈಲಾಗಿ, ಅಂದರೆ ಪ್ರತಿ ಸಾಲಿನ ಜೊತೆ ಸಮಯವೂ ಇರುವ ಸಬ್‌ಟೈಟಲ್ ಫೈಲಾಗಿ, ತೆಗೆಯಿರಿ. ಕನ್ನಡ ಬರುವವರು ಕೂತು ತಿದ್ದಬೇಕು, ಅದರಲ್ಲೂ ಊರಿನ ಹೆಸರು, ಇಸವಿ, ದುಡ್ಡಿನ ಲೆಕ್ಕ. ನಮ್ಮಲ್ಲಿ ಹಿರಿಯರೊಬ್ಬರು ‘ಲಾಲ್‌ಬಾಗ್’ ಅಂದಿದ್ದರು. ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಹುಡುಗಿ ಅದನ್ನು ಹೂತೋಟ ಅಂತಲೇ ತಿಳಿದು, ಆ ಸಾಲನ್ನು ಊರಿನ ನೆನಪುಗಳ ಜೊತೆ ಜೋಡಿಸಿದ್ದಳು. ಅವರು ಹೇಳಿದ್ದು ಪರೇಲಿನ ಪಕ್ಕದ ಲಾಲ್‌ಬಾಗ್, 1982ರ ಮಿಲ್ ಮುಷ್ಕರದ ಮಾತು. ಯಂತ್ರ ಸರಿಯಾಗಿಯೇ ಬರೆದಿತ್ತು. ಓದುವವರಿಗೂ ಜಾಗದ ಪರಿಚಯ ಬೇಕು.

ಕನ್ನಡದ ಪದಗಳನ್ನು ಅಳಿಸಿ ಕತ್ತರಿಸುವ ಸೌಲಭ್ಯವೇ ಇಲ್ಲದಿದ್ದರೆ?

ಹಳೆಯ ದಾರಿ ಇದೆ, ಈಗಲೂ ಚೆನ್ನಾಗಿ ನಡೆಯುತ್ತದೆ. ತಿದ್ದಿದ ಎಸ್‌ಆರ್‌ಟಿಯನ್ನು ಪ್ರಿಂಟ್ ತೆಗೆದು ಪೆನ್ಸಿಲಿನಲ್ಲಿ ಗುರುತು ಹಾಕಿ. ಇದನ್ನೇ ಪೇಪರ್ ಎಡಿಟ್ ಅನ್ನುತ್ತಾರೆ. ಆಮೇಲೆ ಅದೇ ಎಸ್‌ಆರ್‌ಟಿಯನ್ನು ಪ್ರೀಮಿಯರ್ ಅಥವಾ ರಿಸಾಲ್ವ್‌ನಲ್ಲಿ ಪೂರ್ತಿ ಸಂದರ್ಶನದ ಕೆಳಗೆ ಸಬ್‌ಟೈಟಲ್ ಟ್ರ್ಯಾಕಾಗಿ ಹಾಕಿ. ಪಟ್ಟಿಯಲ್ಲಿ ಸಾಲು ಹುಡುಕಿದರೆ ಆ ಜಾಗಕ್ಕೇ ಹೋಗಬಹುದು. ಕತ್ತರಿಸುವುದು ಕೈಯಿಂದ. ಇದರ ದೊಡ್ಡ ಲಾಭ ಏನೆಂದರೆ, ಒಯ್ಯುವ ತಾಪತ್ರಯವೇ ಇಲ್ಲ, ನೀವು ಆಗಲೇ ಅಲ್ಲಿದ್ದೀರಿ.

ನಡುವೆ ತುಳು, ಕೊಂಕಣಿ ಬಂದರೆ?

ಬಂದೇ ಬರುತ್ತದೆ. ಅತ್ತೆಯ ಮಾತು ನೆನಪಾದಾಗ ತುಳು, ಸೇಠನ ಮಾತು ಹೇಳುವಾಗ ಹಿಂದಿ. ವಿಸ್ಪರ್ ಪಟ್ಟಿಯಲ್ಲಿ ತುಳುವೂ ಇಲ್ಲ, ಕೊಂಕಣಿಯೂ ಇಲ್ಲ. ಆ ಭಾಗಗಳನ್ನು ಆ ಭಾಷೆ ಬಲ್ಲವರಿಂದ ಕನ್ನಡ ಲಿಪಿಯಲ್ಲಿ ಬರೆಸಿ. ಬರಹ ಗಲಿಬಿಲಿಯಾಗಿದೆ ಅಂತ ಆ ಸಾಲನ್ನು ತೆಗೆದುಬಿಡಬೇಡಿ. ಭಾಷೆ ಬದಲಾದ ಜಾಗದಲ್ಲೇ ಒಳ್ಳೆಯ ಮಾತು ಸಿಕ್ಕಿದ್ದು ಎಷ್ಟೋ ಸಲ.

ಕನ್ನಡ ವಾಕ್ಯ ಕತ್ತರಿಸುವಾಗ ಏನು ಗಮನಿಸಬೇಕು?

ಇದನ್ನು ಯಾವ ಸಾಫ್ಟ್‌ವೇರಿನ ಕೈಪಿಡಿಯೂ ಹೇಳುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ನಮ್ಮ ಭಾಷೆಯಲ್ಲಿ ತೀರ್ಪು ಕೊನೆಯಲ್ಲಿರುತ್ತದೆ. ‘ಅಪ್ಪ ಸತ್ತಾಗ ಊರಿಗೆ ಹೋಗಬೇಕು ಅಂತ ಟಿಕೆಟ್ ಕೂಡ ತೆಗೆದಿದ್ದೆ, ಹೋಗ್ಲಿಲ್ಲ.’ ಆ ಕೊನೆಯ ಒಂದು ಪದ ಕತ್ತರಿಸಿದರೆ ಅವರು ಊರಿಗೆ ಹೋಗಿದ್ದರು ಅಂತ ಆಗಿಬಿಡುತ್ತದೆ. ಓದುವಾಗ ಸಾಲು ಉದ್ದ ಅನಿಸಿ ಬಾಲ ಕತ್ತರಿಸುವ ಆಸೆ ಆಗುತ್ತದೆ. ಕ್ರಿಯಾಪದ ಮುಗಿಯುವವರೆಗೆ ಕತ್ತರಿ ಇಡಬೇಡಿ.

ಇನ್ನೊಂದು, ನಮ್ಮ ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ‘ಬಂದಿದ್ನಲ್ಲ’, ‘ಕೊಟ್ಬಿಟ್ಟಿದ್ರು’. ಮಾತಿನಲ್ಲಿ ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಯಂತ್ರಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಅದು ಗುರುತು ಹಾಕಿದ ಕಡೆ ಕತ್ತರಿಸಿದರೆ ಕೊನೆಯ ಸ್ವರ ತುಂಡಾಗುತ್ತದೆ, ‘ಹೋದೆ’ ಅನ್ನುವುದು ‘ಹೋದ್’ ಅಂತ ಕೇಳಿಸುತ್ತದೆ. ಒಯ್ದ ಮೇಲೆ ಪ್ರತಿ ಕಟ್‌ನ ಕೊನೆಯಲ್ಲೂ ಐದಾರು ಫ್ರೇಮ್ ಹೊರಗೆ ಎಳೆದು ಕೇಳಿ ನೋಡಿ.

ಹಾಗೇ, ಬೇಡದ ಪದಗಳನ್ನು ಒಂದೇ ಸಲಕ್ಕೆ ತೆಗೆಯುವ ಗುಂಡಿಯನ್ನು ಹಿರಿಯರ ಮಾತಿನ ಮೇಲೆ ಒತ್ತಬೇಡಿ. ‘ಅಂದ್ರೆ’, ‘ಏನಂದ್ರೆ’, ‘ಮತ್ತೆ’, ‘ಹ್ಞಾ’ ಇವು ಅವರ ಮಾತಿನ ನಡಿಗೆ. ‘ಮತ್ತೆ’ ಅಂದ ಮೇಲೆ ಅವರು ಒಂದು ಕ್ಷಣ ನಿಂತು ಮುಂದಿನದನ್ನು ಹೇಳಲೋ ಬೇಡವೋ ಅಂತ ಯೋಚಿಸುತ್ತಾರೆ. ಆ ಯೋಚನೆ ಮುಖದ ಮೇಲೆ ಕಾಣುತ್ತದೆ. ಬರಹದಲ್ಲಿ ಕಾಣುವುದು ‘ಮತ್ತೆ’ ಮಾತ್ರ.

ಬರಹದ ಸಾಫ್ಟ್‌ವೇರಿಗೆ ಹಾಕುವ ಮೊದಲು ಏನು ಸಿದ್ಧ ಮಾಡಬೇಕು?

ಫೈಲಿನ ಹೆಸರು. ಸೋನಿ ಕ್ಯಾಮೆರಾದ ಎಷ್ಟೋ ಮಾದರಿಗಳು ಕಾರ್ಡ್ ಬದಲಾದರೆ ಸಿ0001ರಿಂದ ಮತ್ತೆ ಎಣಿಕೆ ಶುರು ಮಾಡುತ್ತವೆ. ಎರಡು ಕಾರ್ಡಿನಲ್ಲೂ ಅದೇ ಹೆಸರು. ನಮ್ಮ ಮೊದಲ ವರ್ಷ ಹೀಗೇ ಆಯಿತು. ಟೈಮ್‌ಲೈನಿನಲ್ಲಿ ಇರಬೇಕಾದ್ದು ಕಿಂಗ್ಸ್ ಸರ್ಕಲ್ ಹತ್ತಿರದ ಅಜ್ಜಿಯ ಮಾತು, ಅಲ್ಲಿ ಕಂಡದ್ದು ಮುಲುಂಡಿನ ಮಾಸ್ತರರ ಮುಖ. ಎರಡು ದಿನ ಕೂತು ಒಂದೊಂದೇ ತುಂಡು ಬಿಡಿಸಿದೆವು. ಈಗ ಕಾರ್ಡ್ ಖಾಲಿ ಮಾಡಿದ ದಿನವೇ ತಾರೀಕು, ಜಾಗ, ಕ್ಯಾಮೆರಾ, ಕಾರ್ಡ್ ನಂಬರ್ ಸೇರಿಸಿ ಹೆಸರಿಡುತ್ತೇವೆ. ಹೆಸರು ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆಯಲ್ಲಿ ಮಾತ್ರ. ಕನ್ನಡ ಅಕ್ಷರ, ನಡುವೆ ಜಾಗ, ಚುಕ್ಕಿ ಇವು ಎಕ್ಸ್‌ಎಂಎಲ್ ಒಳಗೆ ಕೆಲವು ಸಲ ಬೇರೆ ರೂಪ ತಾಳುತ್ತವೆ. ಒಮ್ಮೆ ಕೆಲಸ ಶುರುವಾದ ಮೇಲೆ ಹೆಸರು ಬದಲಿಸಲೇಬೇಡಿ.

ಪ್ರಾಕ್ಸಿ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ತೆಗೆದ 4ಕೆ ವಿಡಿಯೊ ಒಂದು ಗಂಟೆಗೆ ಸುಮಾರು 45 ಜಿಬಿ. ಮನೆಯ ಇಂಟರ್ನೆಟ್ಟಿನಲ್ಲಿ ಅದನ್ನು ಮೇಲೆ ಏರಿಸುತ್ತ ಕೂರುವುದು ಬೇಡ. ಓದಿ ಕತ್ತರಿಸಲು ಸ್ಪಷ್ಟ ಸದ್ದು, ಮುಖ ಕಾಣುವಷ್ಟು ಚಿತ್ರ ಸಾಕು. 720 ಅಳತೆಯ ಚಿಕ್ಕ ಪ್ರತಿ ಮಾಡಿ, ಅದೇ ಪ್ರಾಕ್ಸಿ. ಆದರೆ ಹೆಸರು, ಫ್ರೇಮ್ ರೇಟ್, ಶುರುವಿನ ಟೈಮ್‌ಕೋಡ್, ಉದ್ದ, ಆಡಿಯೊ ಚಾನೆಲ್‌ಗಳ ಸಂಖ್ಯೆ ಇವು ಮೂಲದಲ್ಲಿ ಇದ್ದ ಹಾಗೇ ಇರಬೇಕು.

ಮೂಲ ಫೈಲುಗಳ ಎರಡು ಪ್ರತಿ, ಬೇರೆ ಬೇರೆ ಡ್ರೈವಿನಲ್ಲಿ, ಬೇರೆ ಬೇರೆ ಮನೆಯಲ್ಲಿ ಇಡಿ. ಮಳೆಗಾಲದಲ್ಲಿ ನೆಲಮಹಡಿ ಮನೆಗೆ ನೀರು ನುಗ್ಗುವ ಊರು ಇದು.

ಮೊಬೈಲಿನಲ್ಲಿ ತೆಗೆದ ವಿಡಿಯೊ ಇದೆ. ಏನಾದರೂ ಬೇರೆ ಮಾಡಬೇಕಾ?

ಖಂಡಿತ ಮಾಡಬೇಕು. ಮೊಬೈಲ್ ಸಾಮಾನ್ಯವಾಗಿ ಒಂದೇ ಫ್ರೇಮ್ ರೇಟಿನಲ್ಲಿ ತೆಗೆಯುವುದಿಲ್ಲ. ಬೆಳಕು ಕಡಿಮೆಯಾದರೆ ಕಡಿಮೆ ಮಾಡಿಕೊಳ್ಳುತ್ತದೆ, ಮತ್ತೆ ಏರಿಸುತ್ತದೆ. ಆನ್‌ಲೈನ್ ಮೀಟಿಂಗಿನಲ್ಲಿ ರೆಕಾರ್ಡ್ ಮಾಡಿದ್ದೂ ಹಾಗೇ. ಇಂಥ ಫೈಲಿಗೆ ‘ಇಷ್ಟನೇ ಫ್ರೇಮ್’ ಅನ್ನುವ ಮಾತನ್ನು ಒಂದೊಂದು ಸಾಫ್ಟ್‌ವೇರ್ ಒಂದೊಂದು ತರ ಲೆಕ್ಕ ಹಾಕುತ್ತದೆ. ಹ್ಯಾಂಡ್‌ಬ್ರೇಕ್ ಅಥವಾ ಶಟರ್ ಎನ್‌ಕೋಡರ್ ಎಂಬ ಸಾಫ್ಟ್‌ವೇರಿನಲ್ಲಿ ಒಂದೇ ಸ್ಥಿರ ಫ್ರೇಮ್ ರೇಟಿಗೆ ತನ್ನಿ, ಸದ್ದು 48 ಕಿಲೊಹರ್ಟ್ಸ್ ಇರಲಿ. ಆ ಹೊಸ ಫೈಲನ್ನೇ ಇನ್ನು ಮುಂದೆ ಮೂಲ ಅಂತ ಎಣಿಸಿ. ಇದನ್ನು ಬರಹ ಮಾಡಿಸುವ ಮೊದಲೇ ಮಾಡಬೇಕು, ಕತ್ತರಿಸಿದ ಮೇಲೆ ಮಾಡಿ ಪ್ರಯೋಜನವಿಲ್ಲ.

ಸದ್ದು ಬೇರೆ ರೆಕಾರ್ಡರ್‌ನಲ್ಲಿದೆ. ಎರಡು ಕ್ಯಾಮೆರಾ ಕೂಡ ಇದ್ದವು.

ಮೊದಲು ಹೊಂದಿಸಿ, ಆಮೇಲೆ ಕತ್ತರಿಸಿ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಎರಡೂ ಕ್ಯಾಮೆರಾ ಮತ್ತು ರೆಕಾರ್ಡರ್ ಸದ್ದನ್ನು ಒಂದೇ ಟೈಮ್‌ಲೈನಿನಲ್ಲಿ ಜೋಡಿಸಿ, ಅದರಿಂದ ಒಂದು ಪ್ರಾಕ್ಸಿ ತೆಗೆದು ಬರಹಕ್ಕೆ ಕೊಡಿ. ವಾಪಸು ಬಂದಾಗ ಒಂದೇ ಫೈಲಿನ ಕಟ್‌ಗಳು ಬರುತ್ತವೆ, ಅವನ್ನು ಹೊಂದಿಸಿಟ್ಟ ಟೈಮ್‌ಲೈನಿನ ಮೇಲೆ ಕೂರಿಸುವುದು ಸುಲಭ. ಕಾಲರ್ ಮೈಕ್ ಯಾವ ಚಾನೆಲ್, ಬೂಮ್ ಯಾವ ಚಾನೆಲ್ ಅಂತ ಒಂದು ಕಡೆ ಬರೆದಿಡಿ. ಪ್ರೀಮಿಯರ್‌ನಲ್ಲಾದರೆ ಕ್ಲಿಪ್ಪಿನ ಆಡಿಯೊ ಚಾನೆಲ್ ಸೆಟ್ಟಿಂಗನ್ನು ಟೈಮ್‌ಲೈನಿಗೆ ಹಾಕುವ ಮೊದಲೇ ಸರಿ ಮಾಡಬೇಕು.

ಇಂಪೋರ್ಟ್ ಮಾಡುವುದು ಹೇಗೆ?

ಮೊದಲು ಎರಡು ನಿಮಿಷದ ತುಂಡನ್ನು ಒಯ್ದು ನೋಡಿ. ಇಡೀ ಸಂದರ್ಶನ ಕತ್ತರಿಸಿ ಮುಗಿಸಿದ ಮೇಲೆ ತಪ್ಪು ಗೊತ್ತಾದರೆ ವಾರದ ಕೆಲಸ ಹೋಗುತ್ತದೆ. ನಾನು ಇದನ್ನು ಮಾಡದೆ ಯಾವ ಹೊಸ ಕೆಲಸವನ್ನೂ ಶುರು ಮಾಡುವುದಿಲ್ಲ.

ಪ್ರೀಮಿಯರ್‌ನಲ್ಲಿ ಎಕ್ಸ್‌ಎಂಎಲ್ ಅನ್ನು ಬೇರೆ ಫೈಲಿನ ಹಾಗೇ ಇಂಪೋರ್ಟ್ ಮಾಡಿದರೆ ಒಂದು ಸೀಕ್ವೆನ್ಸ್, ಅಂದರೆ ಟೈಮ್‌ಲೈನ್, ಬರುತ್ತದೆ. ಫೈಲ್ ಸಿಗದಿದ್ದರೆ ಎಲ್ಲಿದೆ ಅಂತ ಕೇಳುತ್ತದೆ, ಮೂಲ ಫೈಲಿನ ಫೋಲ್ಡರ್ ತೋರಿಸಿ. ಒಂದನ್ನು ತೋರಿಸಿದರೆ ಅದೇ ಫೋಲ್ಡರಿನಲ್ಲಿರುವ ಉಳಿದವನ್ನು ತಾನೇ ಹುಡುಕಿಕೊಳ್ಳುತ್ತದೆ.

ರಿಸಾಲ್ವ್‌ನಲ್ಲಿ ಹೊಸ ಪ್ರಾಜೆಕ್ಟ್ ತೆರೆದ ಕೂಡಲೇ ಫ್ರೇಮ್ ರೇಟ್ ಹೊಂದಿಸಿ. ಮೀಡಿಯಾ ಪೂಲ್‌ಗೆ ಕ್ಲಿಪ್ ಬಿದ್ದ ಮೇಲೆ ಪ್ರಾಜೆಕ್ಟಿನ ಫ್ರೇಮ್ ರೇಟ್ ಬದಲಿಸಲು ಬಿಡುವುದಿಲ್ಲ. ಆಮೇಲೆ ಮೂಲ ಕ್ಲಿಪ್‌ಗಳನ್ನು ತನ್ನಿ, ನಂತರ ಟೈಮ್‌ಲೈನ್ ಇಂಪೋರ್ಟ್ ಮಾಡಿ. ಕ್ಲಿಪ್‌ಗಳನ್ನು ತಾನಾಗಿ ತರುವ ಟಿಕ್ ತೆಗೆದುಬಿಡಿ. ಇಲ್ಲದಿದ್ದರೆ ಎಕ್ಸ್‌ಎಂಎಲ್‌ನಲ್ಲಿ ಬರೆದಿರುವ ಪ್ರಾಕ್ಸಿಯನ್ನೇ ಎತ್ತಿಕೊಂಡು ಬರಬಹುದು.

ಫೈನಲ್ ಕಟ್ ಮೂಲ ಫೈಲಿಗೆ ಮತ್ತೆ ಜೋಡಿಸುವಾಗ ಆಡಿಯೊ ಚಾನೆಲ್ ಸಂಖ್ಯೆ, ಉದ್ದ ಇವನ್ನೂ ನೋಡುತ್ತದೆ. ಪ್ರಾಕ್ಸಿಯಲ್ಲಿ ಸದ್ದನ್ನು ಮಾನೋ (ಒಂದೇ ಚಾನೆಲ್) ಮಾಡಿದ್ದರೆ ಅಲ್ಲಿ ಸಿಕ್ಕಿಕೊಳ್ಳುತ್ತೀರಿ.

ಪರದೆಯೆಲ್ಲ ಕೆಂಪಾಗಿ ‘ಮೀಡಿಯಾ ಆಫ್‌ಲೈನ್’ ಅಂತ ಬಂತು!

ಗಾಬರಿ ಬೇಡ, ನಿಮ್ಮ ಕಟ್ ಹಾಳಾಗಿಲ್ಲ. ಚೀಟಿ ಇದೆ, ಹಿಟ್ಟು ಸಿಕ್ಕಿಲ್ಲ ಅಷ್ಟೇ. ಫೈಲಿನ ಹೆಸರು ಒಂದಕ್ಷರ ಬದಲಾಗಿದೆಯಾ, ಡ್ರೈವ್ ಸಿಕ್ಕಿಸಿದ್ದೀರಾ, ಬಾಲದ ಅಕ್ಷರ ಎಂಒವಿ ಇದ್ದದ್ದು ಎಂಪಿ4 ಆಗಿದೆಯಾ ನೋಡಿ. ಕಡೆಯದಾದರೆ ಹುಡುಕುವಾಗ ಬಾಲ ಹೊಂದಬೇಕು ಅನ್ನುವ ಟಿಕ್ ತೆಗೆದರೆ ಸಾಕು.

ತುಟಿಗೂ ಮಾತಿಗೂ ಹೊಂದುತ್ತಿಲ್ಲ. ಯಾಕೆ?

ಶುರುವಿನ ಕಟ್ ನೋಡಿ, ಕೊನೆಯ ಕಟ್ ನೋಡಿ. ಎರಡರಲ್ಲೂ ಒಂದೇ ಅಂತರ ತಪ್ಪಿದ್ದರೆ ಅದು ಟೈಮ್‌ಕೋಡಿನ ತಪ್ಪು. ಕ್ಯಾಮೆರಾ ಫೈಲ್ ಗಡಿಯಾರದ ಹೊತ್ತಿನಿಂದ, ಉದಾಹರಣೆಗೆ 13:24:10:05ರಿಂದ ಶುರುವಾಗುತ್ತದೆ. ಪ್ರಾಕ್ಸಿ ಸೊನ್ನೆಯಿಂದ ಶುರುವಾಗಿದ್ದರೆ ಎರಡಕ್ಕೂ ಲೆಕ್ಕ ತಾಳೆಯಾಗುವುದಿಲ್ಲ. ಟೈಮ್‌ಕೋಡ್ ಉಳಿಸಿಕೊಂಡು ಪ್ರಾಕ್ಸಿ ಮತ್ತೆ ಮಾಡಿ.

ಶುರುವಿನಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ಜಾಸ್ತಿಯಾದರೆ ಅದು ಫ್ರೇಮ್ ರೇಟಿನ ತಪ್ಪು. 23.976 ಇರುವುದನ್ನು 24 ಅಂತ ಓದಿದರೆ ಒಂದು ಗಂಟೆಗೆ 3.6 ಸೆಕೆಂಡು ತಪ್ಪುತ್ತದೆ. 25ರಲ್ಲಿ ತೆಗೆದ ಒಂದು ಗಂಟೆಯನ್ನು 24 ಅಂತ ಓದಿದರೆ ಎರಡೂವರೆ ನಿಮಿಷ. ಎಷ್ಟು ತಪ್ಪಿದೆ ಅಂತ ಅಳೆದರೆ ಯಾವ ಎರಡು ಅಂಕಿಗಳ ನಡುವೆ ಗೊಂದಲ ಆಗಿದೆ ಅಂತ ಅದೇ ಹೇಳಿಬಿಡುತ್ತದೆ. ಕಟ್‌ಗಳನ್ನು ಒಂದೊಂದಾಗಿ ಕೈಯಿಂದ ಸರಿಸುತ್ತ ಕೂರಬೇಡಿ, ಬೇರಿಗೆ ಹೋಗಿ.

ಎಲ್ಲ ಸರಿಯಾಗಿ ಬಂದಿದೆ ಅಂತ ಹೇಗೆ ಗೊತ್ತಾಗುತ್ತದೆ?

ಆಗ ಹೇಳಿದ ಎಂಪಿ4 ಇಲ್ಲಿ ಬೇಕು. ಬರಹದ ಸಾಫ್ಟ್‌ವೇರಿನಿಂದ ಇಡೀ ಕಟ್ ಅನ್ನು ಎಂಪಿ4 ಆಗಿ ತೆಗೆದು, ಹೊಸ ಟೈಮ್‌ಲೈನಿನ ಮೇಲಿನ ಟ್ರ್ಯಾಕಿನಲ್ಲಿ ಇಟ್ಟು, ಅರ್ಧ ಪಾರದರ್ಶಕ ಮಾಡಿ. ಎರಡು ಮುಖ ಒಂದರ ಮೇಲೊಂದು ಸರಿಯಾಗಿ ಕೂತರೆ ಒಳ್ಳೆಯದು. ಎಲ್ಲಾದರೂ ಎರಡು ಬಾಯಿ, ನಾಲ್ಕು ಕಣ್ಣು ಕಂಡರೆ ಅಲ್ಲಿ ನಿಲ್ಲಿಸಿ. ಪ್ರತಿ ಕಟ್‌ಗೂ ನೋಡಬೇಕು. ಅರ್ಧ ಗಂಟೆಯ ಕೆಲಸ, ಬಿಡಬೇಡಿ.

ಮಾತು ಸರಿಯಾಗಿದೆ, ಆದರೆ ಹಿಂದಿನ ಸದ್ದು ಜಿಗಿಯುತ್ತದೆ.

ಮುಂಬೈಯ ಮನೆಯಲ್ಲಿ ಮಾತು ಒಂಟಿಯಾಗಿರುವುದಿಲ್ಲ. ಫ್ಯಾನು, ಕುಕ್ಕರಿನ ಸೀಟಿ, ಕೆಳಗೆ ತರಕಾರಿಯವನ ಕೂಗು, ಸೆಂಟ್ರಲ್ ಲೈನಿನ ಲೋಕಲ್. ಬರಹದಲ್ಲಿ ಇದ್ಯಾವುದೂ ಇಲ್ಲ. ಹಾಗಾಗಿ ಓದುವಾಗ ಸೊಗಸಾಗಿ ಕೂಡುವ ಎರಡು ವಾಕ್ಯದ ನಡುವೆ ಅರ್ಧ ರೈಲು ಹೋಗಿ ಮಾಯವಾಗುತ್ತದೆ.

ಮದ್ದು ಚಿತ್ರೀಕರಣದ ದಿನವೇ ಇದೆ. ಮಾತು ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ, ಯಾರೂ ಮಾತಾಡದೆ ಒಂದು ನಿಮಿಷ ಆ ಕೋಣೆಯ ಸದ್ದನ್ನೇ ರೆಕಾರ್ಡ್ ಮಾಡಿ. ಟೈಮ್‌ಲೈನಿನಲ್ಲಿ ಅದನ್ನು ಮಾತಿನ ಕೆಳಗೆ ಹಾಸಿ, ಕಟ್‌ಗಳ ಮೇಲೆ ಎರಡು ಮೂರು ಫ್ರೇಮಿನ ಆಡಿಯೊ ಫೇಡ್ ಹಾಕಿ. ರೈಲಿನ ಸದ್ದು ತುಂಡಾದ ಕಡೆ ನಾವು ಸ್ಟೇಷನ್ನಿನ ದೃಶ್ಯ ಹಾಕಿ, ರೈಲನ್ನು ಪೂರ್ತಿ ಹೋಗಲು ಬಿಡುತ್ತೇವೆ. ಅವರ ಬದುಕೆಲ್ಲ ಆ ರೈಲಿನಲ್ಲೇ ಕಳೆದಿದೆ, ಅದೂ ಕತೆಯ ಭಾಗವೇ.

ಒಯ್ದ ಮೇಲೆ ಮೊದಲ ಕೆಲಸ ಯಾವುದು?

ಬರಹ ಮುಚ್ಚಿಟ್ಟು ಒಂದು ಸಲ ಪೂರ್ತಿ ನೋಡಿ. ಕೈಯಲ್ಲಿ ಮೌಸ್ ಬೇಡ.

ಒಬ್ಬ ಅಜ್ಜಿ ತಮ್ಮ ಗಂಡನ ಹೋಟೆಲ್ ಮುಚ್ಚಿದ ದಿನದ ಮಾತು ಹೇಳುತ್ತಿದ್ದರು. ಬರಹದಲ್ಲಿ ಅದು ಎರಡು ಸಾಲು: ‘ಅವತ್ತು ಬೀಗ ಹಾಕಿ ಬಂದ್ರು. ಊಟಕ್ಕೆ ಕೂತ್ಕೊಳ್ಳಿ ಅಂದೆ.’ ಎರಡು ಸಾಲಿನ ನಡುವೆ 11 ಸೆಕೆಂಡು ಮೌನ ಇತ್ತು. ಉದ್ದದ ಮೌನಗಳನ್ನು ಚಿಕ್ಕದು ಮಾಡುವ ಸೌಲಭ್ಯ ಅದನ್ನು ಅರ್ಧ ಸೆಕೆಂಡಿಗೆ ಇಳಿಸಿತ್ತು. ಓದುವಾಗ ನಮಗೆ ಏನೂ ಕೊರತೆ ಕಾಣಲಿಲ್ಲ. ಮೂಲ ತೆರೆದು ನೋಡಿದಾಗ ಆ 11 ಸೆಕೆಂಡಿನಲ್ಲಿ ಅವರು ಸೆರಗಿನ ತುದಿ ಮಡಚುತ್ತ, ಬಿಡಿಸುತ್ತ, ಮತ್ತೆ ಮಡಚುತ್ತ ಕೂತಿದ್ದರು. ಅದನ್ನು ಪೂರ್ತಿ ವಾಪಸು ಹಾಕಿದೆವು. ಎಕ್ಸ್‌ಎಂಎಲ್ ಮೂಲಕ ಬಂದಿದ್ದರಿಂದ ಕಟ್‌ನ ಅಂಚು ಹಿಡಿದು ಎಳೆದರೆ ಸಾಕಾಯಿತು.

ಆ ಮೇಲೆ ಉಳಿದ ಕೆಲಸ. ಮಾತಿನ ಕೊನೆ ಮುಂದಿನ ಚಿತ್ರದ ಮೇಲೆ ಹರಿಯಲಿ, ಮುಂದಿನ ಮಾತು ಹಿಂದಿನ ಮುಖದ ಮೇಲೇ ಶುರುವಾಗಲಿ. ಓದಿ ಕತ್ತರಿಸಿದಾಗ ಚಿತ್ರ, ಸದ್ದು ಎರಡೂ ಒಂದೇ ಜಾಗದಲ್ಲಿ ತುಂಡಾಗಿರುತ್ತವೆ, ಅದನ್ನು ಹೀಗೆ ಸಡಿಲಿಸಬೇಕು.

ಕನ್ನಡ ಸಬ್‌ಟೈಟಲ್ ಅಕ್ಷರಗಳು ಒಡೆದು ಕಾಣುತ್ತವೆ.

ಎರಡು ಕಾರಣ ಇರಬಹುದು. ಸಬ್‌ಟೈಟಲ್ ಸಾಲುಗಳನ್ನು ‘ನುಡಿ’ ಅಥವಾ ‘ಬರಹ’ ಎಂಬ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಅದು ಯೂನಿಕೋಡ್ ಅಲ್ಲ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಎಸ್‌ಆರ್‌ಟಿಯನ್ನು ಯುಟಿಎಫ್-8 ಆಗಿ ಉಳಿಸಿ. ಸರಿಯಾದ ಯೂನಿಕೋಡ್ ಇದ್ದೂ ಪ್ರೀಮಿಯರ್‌ನಲ್ಲಿ ಒತ್ತಕ್ಷರ ಪಕ್ಕಕ್ಕೆ ಬಿದ್ದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ಭಾಗಕ್ಕೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಹಾಕಿ. ಫಾಂಟ್ ನೋಟೊ ಸ್ಯಾನ್ಸ್ ಕನ್ನಡ ಇಟ್ಟರೆ ದೂರಕ್ಕೂ ಓದಲು ಬರುತ್ತದೆ. ಸಬ್‌ಟೈಟಲ್ ಕೆಲಸ ಕಟ್ ಪೂರ್ತಿ ಗಟ್ಟಿಯಾದ ಮೇಲೆ ಮಾಡಿ.

ಮತ್ತೆ ಬರಹಕ್ಕೆ ವಾಪಸು ಹೋಗಬಹುದಾ?

ಹೋಗಬೇಡಿ. ಒಮ್ಮೆ ದಾಟಿದ ಮೇಲೆ ತಿದ್ದುವುದೆಲ್ಲ ಈ ಕಡೆಯೇ. ಎರಡೂ ಕಡೆ ತಿದ್ದಿದರೆ ಯಾವುದು ಕೊನೆಯದು ಅಂತ ಯಾರಿಗೂ ತಿಳಿಯುವುದಿಲ್ಲ.

ಮಾತಾಡಿದವರೇ ಒಂದು ಸಾಲು ಬೇಡ ಅಂದರೆ?

ತೆಗೆಯಿರಿ. ಕಟ್ ಸಿದ್ಧವಾದ ಮೇಲೆ ನಾವು ಅವರ ಮನೆಗೇ ಹೋಗಿ ಲ್ಯಾಪ್‌ಟಾಪಿನಲ್ಲಿ ತೋರಿಸುತ್ತೇವೆ, ಬಣ್ಣ ತಿದ್ದುವ ಮೊದಲೇ. ಮುಲುಂಡಿನ ಮಾಸ್ತರರು ನೋಡಿ, ‘ನೋಡು ಮಗಾ, ನಾನು ಹೇಳಿದ್ದು ಇದೇ. ಆದರೆ ಇದಕ್ಕಿಂತ ಮೊದಲು ಇನ್ನೊಂದು ಹೇಳಿದ್ದೆನಲ್ಲ, ಅದು ಎಲ್ಲಿ ಹೋಯ್ತು?’ ಅಂದರು. ಅದನ್ನು ಓದುವಾಗ ಪುನರಾವರ್ತನೆ ಅಂತ ತೆಗೆದಿದ್ದೆವು. ಅದು ಇಲ್ಲದೆ ಅವರು ತಮ್ಮ ಅಣ್ಣನನ್ನು ದೂರಿದ ಹಾಗೆ ಕೇಳುತ್ತಿತ್ತು. ಮೂಲ ಫೈಲ್ ಜೊತೆಗೇ ಒಯ್ದಿದ್ದೆವು. ಅವರ ಎದುರೇ ಆ ಸಾಲು ಹುಡುಕಿ, ಇದ್ದ ಜಾಗದಲ್ಲಿ ಮತ್ತೆ ಇಟ್ಟು, ಇನ್ನೊಂದು ಸಲ ತೋರಿಸಿದೆವು. ‘ಹಾಂ, ಈಗ ಸರಿ’ ಅಂದರು.